ಟ್ರೈನರ್‌ಗಳಿಗೆ ಕೆಲಸಕ್ಕೆ ಬರುವ ಕೋರ್ಸ್

ನಾನು ಪರ್ಸನಲ್ ಟ್ರೈನರ್. ಸರ್ಟಿಫಿಕೇಟ್ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ ಹೊಸದೇನಾದರೂ ಕಲಿತು ತೋರಿಸಬೇಕು. ಸುಮ್ನೆ ಅಂಕ ಕೊಡುವ ಕೋರ್ಸ್‌ಗಳೇ ಜಾಸ್ತಿ. ಕ್ಲೈಂಟ್‌ಗಳ ಆರೋಗ್ಯ ಮತ್ತು ಗಾಯ ತಡೆಯುವ ಬಗ್ಗೆ ಇರುವ ಈ ಆನ್‌ಲೈನ್ ಕೋರ್ಸ್ ಹಾಗಲ್ಲ.

ಔಷಧಿಗಳ ಪಾಠ ನನಗೆ ತುಂಬಾ ಹಿಡಿಸಿತು. ಬೀಟಾ ಬ್ಲಾಕರ್ (ಬಿಪಿ, ಹೃದಯದ ತೊಂದರೆಗೆ ಕೊಡುವ ಔಷಧಿ) ತೆಗೆದುಕೊಳ್ಳುವವರು ಎಷ್ಟು ಶ್ರಮಪಟ್ಟರೂ ಹೃದಯ ಬಡಿತ ಅಷ್ಟಾಗಿ ಏರುವುದಿಲ್ಲ. ವಾಚ್‌ನಲ್ಲಿ 110 ನೋಡಿ ‘ಇನ್ನೂ ಜೋರಾಗಿ ಮಾಡಿ’ ಅಂದರೆ ಅಪಾಯ ಅಲ್ವಾ? ಅದಕ್ಕೇ ಇಲ್ಲಿ 6ರಿಂದ 20ರವರೆಗಿನ ಬೋರ್ಗ್ ಅಳತೆ ಕಲಿಸುತ್ತಾರೆ. ಎಷ್ಟು ಕಷ್ಟವಾಗುತ್ತಿದೆ ಅಂತ ಕ್ಲೈಂಟ್ ಬಾಯಿಂದಲೇ ಕೇಳಬೇಕು. 13 ಅಂದರೆ ‘ಸ್ವಲ್ಪ ಕಷ್ಟ’. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮ ಮುಗಿದು ಎಷ್ಟೋ ಗಂಟೆಗಳ ನಂತರವೂ ಸಕ್ಕರೆ ಇಳಿಯಬಹುದು ಎಂಬುದನ್ನೂ ಚೆನ್ನಾಗಿ ವಿವರಿಸಿದ್ದಾರೆ. ರಾತ್ರಿ ನಿದ್ದೆಯಲ್ಲೂ ಇಳಿಯಬಹುದು.

ರಾಬ್ಡೊಮಯೊಲಿಸಿಸ್ (ಸ್ನಾಯು ಒಡೆಯುವ ಸಮಸ್ಯೆ) ಬಗ್ಗೆ ಇರುವುದು ಚಿಕ್ಕ ಪಾಠ, ಆದರೆ ಪ್ರತಿ ಟ್ರೈನರ್ ನೋಡಲೇಬೇಕು. ಹೊಸಬರಿಗೆ ಮೊದಲ ದಿನವೇ ಅತಿಯಾಗಿ ಮಾಡಿಸಿದರೆ ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳಬಹುದು. ವಿಪರೀತ ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು.

ಮಂಡಿ, ಸೊಂಟದ ಭಾಗ ಪರವಾಗಿಲ್ಲ. ಭುಜದ ಪಾಠ ಮಾತ್ರ ತೀರಾ ಅವಸರದ್ದು. ಜಿಮ್‌ನಲ್ಲಿ ಭುಜ ನೋವಿನ ದೂರು ಇಷ್ಟೊಂದು ಕೇಳುವಾಗ ಹೀಗೆ ಮಾಡಬಾರದಿತ್ತು. ಗರ್ಭಿಣಿಯರ ವ್ಯಾಯಾಮದ ಬಗ್ಗೆಯೂ ಇನ್ನಷ್ಟು ಬೇಕಿತ್ತು.

ಕ್ಲೈಂಟ್ ಸೇರುವಾಗ ತುಂಬಿಸುವ ಆರೋಗ್ಯ ಪ್ರಶ್ನಾವಳಿಯ ಮಾದರಿಯನ್ನೂ ಕೊಡುತ್ತಾರೆ. ನಾನು ಈಗ ಅದನ್ನೇ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.