ಕಾರ್ಖಾನೆ ಬದುಕಿನ ಮೇಲೆ ಎರಡು ವಿಡಂಬನೆಯ ಸಿನಿಮಾಗಳು: ಯಾವುದನ್ನು ನೋಡೋದು?

ಒಂದು ಚಾರ್ಲಿ ಚಾಪ್ಲಿನ್ನರ ‘ಮಾಡರ್ನ್ ಟೈಮ್ಸ್’ (1936). ಇನ್ನೊಂದು ಎಲಿಯೊ ಪೆಟ್ರಿಯವರ ಇಟಾಲಿಯನ್ ಚಿತ್ರ ‘ದ ವರ್ಕಿಂಗ್ ಕ್ಲಾಸ್ ಗೋಸ್ ಟು ಹೆವನ್’ (1971). ಎರಡರಲ್ಲೂ ಕಾರ್ಖಾನೆ ಕೆಲಸ ಒಬ್ಬ ಮನುಷ್ಯನ ತಲೆ ಕೆಡಿಸುತ್ತದೆ.

ಮನೆಮಂದಿಯೆಲ್ಲ ಕೂತು ನೋಡುವುದಾದರೆ ಚಾಪ್ಲಿನ್. ಮಾತು ಕಡಿಮೆ, ಸಬ್‌ಟೈಟಲ್ ಓದುವ ತಾಪತ್ರಯ ಇಲ್ಲ. ಊಟದ ಬಿಡುವು ಉಳಿಸಲು ಕಾರ್ಮಿಕನ ಬಾಯಿಗೆ ತುತ್ತಿಡುವ ಯಂತ್ರ ಕೆಟ್ಟು, ಅವನ ಮುಖಕ್ಕೇ ಬಡಿಯುವ ದೃಶ್ಯಕ್ಕೆ ಮಕ್ಕಳೂ ಬಿದ್ದು ಬಿದ್ದು ನಗುತ್ತಾರೆ.

ಪೆಟ್ರಿ ಚಿತ್ರ ಹಾಗಲ್ಲ. ನಗು ಬರುತ್ತದೆ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕಥಾನಾಯಕ, ಕಾರ್ಮಿಕ ಲುಲು ಮಾಸ್ಸಾಗೆ ಪೀಸ್ ಲೆಕ್ಕದ ಕೂಲಿ: ಎಷ್ಟು ಪೀಸ್ ಮಾಡಿದನೋ ಅಷ್ಟಕ್ಕೆ ದುಡ್ಡು. ಅವನ ಕೈ ಓಡಿದಷ್ಟೂ ಉಳಿದವರ ಟಾರ್ಗೆಟ್ ಏರುತ್ತದೆ. ಅದಕ್ಕೇ ಅವನನ್ನು ಕಂಡರೆ ಜೊತೆಯವರಿಗೆ ಆಗುವುದಿಲ್ಲ. ಒಂದು ದಿನ ಯಂತ್ರಕ್ಕೆ ಸಿಕ್ಕಿ ಬೆರಳು ಹೋಗುತ್ತದೆ. ಆಮೇಲೆ ಕಾರ್ಖಾನೆ ಗೇಟಿನಲ್ಲಿ ಕ್ರಾಂತಿಯ ಘೋಷಣೆ ಕೂಗುವ ವಿದ್ಯಾರ್ಥಿಗಳು ಒಂದು ಕಡೆ, ಮಾಲೀಕರ ಜೊತೆ ಚೌಕಾಸಿಗೆ ಕೂರುವ ಯೂನಿಯನ್ ಇನ್ನೊಂದು ಕಡೆ, ನಡುವೆ ಇವನು. ಪೀಸ್ ರೇಟಿನಲ್ಲಿ ದುಡಿದವರಿಗೆ ಇದು ಜಾಸ್ತಿ ತಟ್ಟುತ್ತದೆ. ಮಕ್ಕಳ ಜೊತೆ ನೋಡುವ ಚಿತ್ರವಲ್ಲ.

ನನ್ನ ಓಟು ಪೆಟ್ರಿಗೆ. ಆದರೆ ಕೆಲಸ ಮುಗಿಸಿ ಸುಸ್ತಾಗಿ ಬಂದ ರಾತ್ರಿ ಇದನ್ನು ಹಾಕಬೇಡಿ. ಅವತ್ತಿಗೆ ಚಾಪ್ಲಿನ್ನೇ ಸರಿ.