ಮಕ್ಕಳ ಎಟಿವಿಗೆ 145/70-6 ಟೈರು: ಹದಿನೆಂಟು ತಿಂಗಳ ಬಳಕೆಯ ನಂತರ

ಸಕಲೇಶಪುರದ ಬಳಿ ನಮ್ಮ ಕಾಫಿ ತೋಟದೊಳಗೆ ಮಗಳು ಓಡಿಸುವ 110 ಸಿಸಿ ಎಟಿವಿಗೆ (ಕಚ್ಚಾ ನೆಲದಲ್ಲೂ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿ) ನಾಲ್ಕೂ ಟೈರುಗಳನ್ನು ಬದಲಿಸಿ ಎರಡು ಮಳೆಗಾಲ ಕಳೆದಿವೆ. ಹಳೆಯವು ನಡುವೆ ನುಣ್ಣಗೆ ಸವೆದಿದ್ದರೂ ಅಂಚಿನ ಬಟನ್‌ಗಳು, ಅಂದರೆ ಹಿಡಿತಕ್ಕಿರುವ ರಬ್ಬರಿನ ಉಬ್ಬುಗಳು, ಹೊಸದರಂತೆಯೇ ಇದ್ದವು. ತಪ್ಪು ನನ್ನದೇ: ಕೈಪಿಡಿಯಲ್ಲಿ ಗಾಳಿಯ ಒತ್ತಡ 5 ಪಿಎಸ್‌ಐ ಎಂದಿದ್ದರೂ ಪಂಚರ್ ಅಂಗಡಿಯಲ್ಲಿ ಸ್ಕೂಟರಿನಂತೆ 25 ತುಂಬಿಸುತ್ತಿದ್ದೆ.

ಗಾಡಿ ಮಾರಿದವರ ಬಳಿ ಬಿಡಿ ಟೈರು ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದಾಗ ಮಾರಾಟಗಾರರು 'ಎರಡೂ ಒಂದೇ' ಎಂದು 13x5.00-6 ಅಳತೆಯದನ್ನು ಕಳುಹಿಸಿದರು. ಅದು 6 ಇಂಚಿನ ರಿಮ್ಮಿಗೆ ಕೂರುತ್ತದೆ, ನಿಜ; ಆದರೆ 145 ಮಿ.ಮೀ. ಅಗಲದ ಶೇ. 70ರಷ್ಟು ಎತ್ತರವನ್ನು ರಿಮ್ಮಿನ ಎರಡೂ ಬದಿಗೆ ಸೇರಿಸಿ ಲೆಕ್ಕ ಹಾಕಿದರೆ ನಮ್ಮ ಟೈರಿನ ಹೊರವ್ಯಾಸ ಸುಮಾರು 14 ಇಂಚಾಗುತ್ತದೆ, ಬಂದದ್ದು 13. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಕೂಡಿಕೊಂಡು ತಿರುಗುವ ಈ ಗಾಡಿಯಲ್ಲಿ ಒಂದು ಬದಿಗೆ ಮಾತ್ರ ಅದನ್ನು ಹಾಕಿ ನೋಡಿದಾಗ, ಹ್ಯಾಂಡಲ್ ನೇರವಿದ್ದರೂ ಗಾಡಿ ಆ ಬದಿಗೇ ಎಳೆಯುತ್ತಿತ್ತು. ವಾಪಸು ಕಳುಹಿಸಿ ಸರಿಯಾದ ನಾಲ್ಕನ್ನು ಬೇರೆಡೆ 7,200 ರೂಪಾಯಿಗೆ ಕೊಂಡೆ.

ಕೂರಿಸುವುದು ಸುಲಭವಲ್ಲ. ಟ್ಯೂಬ್‌ಲೆಸ್ ಟೈರು ಮಡಚಿಕೊಂಡೇ ಬಂದಿದ್ದರಿಂದ ಅದರ ಅಂಚು ರಿಮ್ಮನ್ನು ಮುಟ್ಟದೆ ಗಾಳಿಯೆಲ್ಲ ಸೋರುತ್ತಿತ್ತು. ಅಂಚಿಗೆ ಸೋಪಿನ ನೀರು ಸವರಿ, ಟೈರಿನ ಸುತ್ತ ಲಗೇಜು ಬಿಗಿಯುವ ಪಟ್ಟಿ ಬಿಗಿದು, ವಾಲ್ವಿನ ಒಳಗಿನ ಪಿನ್ನು ತೆಗೆದು ಗಾಳಿ ಹೊಡೆದ ಮೇಲಷ್ಟೇ 'ಟಪ್' ಎಂದು ಕೂತಿತು.

ಕೆಮ್ಮಣ್ಣಿನ ಏರಿನಲ್ಲಿ ಹಿಡಿತ ಚೆನ್ನಾಗಿದೆ. ಬಟನ್‌ಗಳ ನಡುವೆ ಅಂಟಿದ ಕೆಸರು ನಾಲ್ಕು ಸುತ್ತಿಗೆ ಉದುರುತ್ತದೆ. ಕಪಾತು ಮಾಡಿದ ಕಾಫಿ ಗಿಡದ ಚೂಪು ಕಡ್ಡಿ ಚುಚ್ಚಿ ಒಮ್ಮೆ ಪಂಚರ್ ಆದಾಗ ತೂತಿಗೆ ತುರುಕುವ ಸಾಮಾನ್ಯ ಟ್ಯೂಬ್‌ಲೆಸ್ ಬತ್ತಿಯೇ ಸಾಕಾಯಿತು. ಮುಂದಿನ ಎಡ ಟೈರು ಮಾತ್ರ ಹದಿನೈದು ದಿನಕ್ಕೊಮ್ಮೆ ಗಾಳಿ ಕೇಳುತ್ತದೆ. ರಿಮ್ಮಿನ ತುಕ್ಕು ಉಜ್ಜಿ ತೆಗೆಯದೆ ಕೂರಿಸಿದ್ದರ ಫಲ ಅದೆಂದು ನನ್ನ ಅನುಮಾನ. ಕಣದ ಬಿಸಿಲಿನಲ್ಲಿ ನಿಲ್ಲಿಸುವುದರಿಂದ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳೂ ಕಾಣತೊಡಗಿವೆ.

ಗಾಳಿ ಅಳೆಯುವ ಗೇಜು ಮಾತ್ರ ಬೇರೆಯದೇ ಬೇಕು. ಪೆಟ್ರೋಲ್ ಬಂಕಿನದರಲ್ಲಿ 5 ಪಿಎಸ್‌ಐಯನ್ನು ನಂಬುವ ಹಾಗಿಲ್ಲವಾದ್ದರಿಂದ 10ರವರೆಗೆ ಮಾತ್ರ ತೋರಿಸುವುದೊಂದನ್ನು ಇಟ್ಟುಕೊಂಡಿದ್ದೇನೆ. ಹಿಂದಿನ ಜೋಡಿ ಅರ್ಧದಷ್ಟು ಸವೆದಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಇದೇ ಟೈರನ್ನು ತರಿಸುತ್ತೇನೆ, ಆದರೆ ಪಕ್ಕದಲ್ಲಿ ಅಚ್ಚಾದ ಅಳತೆಯ ಫೋಟೊ ನೋಡಿದ ಮೇಲೆಯೇ ಹಣ ಕಳುಹಿಸುವೆ.