ಪುಸ್ತಕ ಓದಿ, ವಿಡಿಯೊ ನೋಡಿ ಬೈಕ್ ಕಲಿಯಬಹುದಾ? ಕೆಲವು ವರ್ಷ ಬಳಸಿದ ಮೇಲಿನ ಅನಿಸಿಕೆ

ಬೈಕ್ ಓಡಿಸಲು ಈಗಾಗಲೇ ಬರುವವರಿಗೆ ಈ ವಿಮರ್ಶೆ. ಕ್ಲಚ್ ಬಿಡುವುದು, ಗೇರ್ ಹಾಕುವುದು ಕಲಿಯೋಕೆ ಪುಸ್ತಕ ಬೇಡ. ಮನೆಯಲ್ಲಿ ಅಣ್ಣನೋ ಮಾವನೋ ಇದ್ದರೆ ಸಾಕು. ಆಮೇಲಿನದನ್ನು ಹೇಳಿಕೊಡುವವರು ಕಡಿಮೆ. ಎಂಟು ಹಾಕಿ ತೋರಿಸಿದರೆ ಲೈಸೆನ್ಸ್ ಸಿಕ್ಕಿತು, ಮುಗೀತು. ನಾನು 150 ಸಿಸಿ ಬೈಕಿನಲ್ಲಿ ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಓಡಾಡುವವನು. ಮೂರು ಇಂಗ್ಲಿಷ್ ಪುಸ್ತಕ, ಒಂದಷ್ಟು ವಿಡಿಯೊ ಇಟ್ಟುಕೊಂಡು ಕಲಿತಿದ್ದೇನೆ.

ಮೊದಲನೆಯದು ಬೈಕ್ ರೇಸ್ ತರಬೇತುದಾರ ಕೀತ್ ಕೋಡ್ ಬರೆದ ‘ಟ್ವಿಸ್ಟ್ ಆಫ್ ದ ರಿಸ್ಟ್’ ಎರಡನೇ ಭಾಗ. 1993ರ ಪುಸ್ತಕ. 2009ರಲ್ಲಿ ಅದನ್ನೇ ವಿಡಿಯೊ ಮಾಡಿದರು. ರೇಸ್‌ನವರ ಪುಸ್ತಕ ನಮಗ್ಯಾಕೆ ಅನ್ನಿಸಬಹುದು. ಆದರೆ ಭಯ ಆದಾಗ ಕೈ ತಾನಾಗೇ ಏನು ಮಾಡಿಬಿಡುತ್ತದೆ ಅನ್ನುವುದನ್ನು ಇಷ್ಟು ಬಿಡಿಸಿ ಹೇಳಿದ್ದು ನಾನು ಬೇರೆ ಕಡೆ ಓದಿಲ್ಲ. ತಿರುವಿನ ಮಧ್ಯೆ ಗಾಬರಿಯಾದರೆ ಎಕ್ಸಲೇಟರ್ ಪೂರ್ತಿ ಬಿಟ್ಟುಬಿಡುತ್ತೇವೆ. ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ, ಬೈಕ್ ತಿರುವಿನಿಂದ ಆಚೆಗೆ ಹೋಗಲು ನೋಡುತ್ತದೆ. ಕಣ್ಣು ಬೇರೆ ತಡೆಗೋಡೆಯ ಮೇಲೇ ನೆಟ್ಟಿರುತ್ತದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಓಡಾಡುವವರಿಗೆ ಇದು ಹೊಸ ವಿಷಯವೇನಲ್ಲ, ಆದರೆ ಯಾಕೆ ಹಾಗಾಗುತ್ತದೆ ಅಂತ ಗೊತ್ತಾದರೆ ಕೈ ಸ್ವಲ್ಪ ಮಾತು ಕೇಳುತ್ತದೆ. ಬಲಕ್ಕೆ ತಿರುಗಲು ಹ್ಯಾಂಡಲ್‌ನ ಬಲಗಡೆಯನ್ನೇ ಮುಂದಕ್ಕೆ ಒತ್ತಬೇಕು ಅನ್ನುವ ಪಾಠವೂ ಇದರಲ್ಲಿದೆ. ಓದುವಾಗ ತಲೆಬುಡ ಅರ್ಥವಾಗುವುದಿಲ್ಲ. ಬೆಳ್ಳಂಬೆಳಗ್ಗೆ ರಿಂಗ್ ರೋಡ್ ಖಾಲಿ ಇರುವಾಗ 40ರ ವೇಗದಲ್ಲಿ ಮೆಲ್ಲಗೆ ಒತ್ತಿ ನೋಡಿ, ಬೈಕ್ ಬಲಕ್ಕೇ ವಾಲುತ್ತದೆ.

ಎರಡನೆಯದು ಡೇವಿಡ್ ಹಫ್ ಅವರ ‘ಪ್ರೊಫಿಶಿಯಂಟ್ ಮೋಟರ್‌ಸೈಕ್ಲಿಂಗ್’. ದಿನಾ ಓಡಾಡುವವರಿಗೆ ಇದೇ ಜಾಸ್ತಿ ಉಪಯೋಗ. ರಸ್ತೆಯನ್ನು ನೋಡುವುದು ಹೇಗೆ ಅಂತ ಹೇಳಿಕೊಡುತ್ತದೆ. ಒಂದೇ ತೊಂದರೆ, ಇದು ಅಮೆರಿಕದ ರಸ್ತೆಗೆ ಬರೆದದ್ದು. ಅಲ್ಲಿ ಎದುರಿನ ಕಾರು ಎಡಕ್ಕೆ ತಿರುಗಿದಾಗ ನಮಗೆ ಅಡ್ಡ ಬರುತ್ತದೆ. ಇಲ್ಲಿ ಬಲಕ್ಕೆ ತಿರುಗುವ ಆಟೊ ಅಡ್ಡ ಬರುತ್ತದೆ. ನಾನು ಪೆನ್ಸಿಲ್ ಹಿಡಿದು ಪುಸ್ತಕದ ಚಿತ್ರಗಳಲ್ಲೆಲ್ಲ ಎಡ ಬಲ ತಿದ್ದಿದ್ದೇನೆ. ಈ ತಲೆನೋವು ಬೇಡ ಅಂದರೆ ಬ್ರಿಟನ್ ಪೊಲೀಸರ ‘ಮೋಟರ್‌ಸೈಕಲ್ ರೋಡ್‌ಕ್ರಾಫ್ಟ್’ ತೆಗೆದುಕೊಳ್ಳಿ. ಅವರೂ ನಮ್ಮ ಹಾಗೆ ಎಡಗಡೆಯವರು. ಬರವಣಿಗೆ ಮಾತ್ರ ಸಪ್ಪೆ. ಎಡ ತಿರುವಿನಲ್ಲಿ ನಿಮ್ಮ ಪಥದ ಬಲಕ್ಕೆ ಇರಿ, ಮುಂದಿನದು ದೂರದವರೆಗೂ ಕಾಣುತ್ತದೆ ಅನ್ನುತ್ತದೆ ಆ ಪುಸ್ತಕ. ಲೆಕ್ಕ ಸರಿ. ಆದರೆ ನಮ್ಮಲ್ಲಿ ಎದುರಿನ ಬಸ್ಸು ನಡುಗೆರೆ ದಾಟಿಯೇ ಬರುತ್ತದಲ್ವಾ? ಕಿರಿದಾದ ರಸ್ತೆಯಲ್ಲಿ ನಾನು ಈ ಮಾತು ಕೇಳುವುದಿಲ್ಲ.

ಬ್ರೇಕ್ ವಿಷಯದಲ್ಲಂತೂ ಪುಸ್ತಕಗಳಿಗೆ ಪೂರ್ತಿ ಅಂಕ. “ಮುಂದಿನ ಬ್ರೇಕ್ ಮುಟ್ಟಬೇಡ ಕಣೋ, ಪಲ್ಟಿ ಹೊಡೀತೀಯ” ಅಂತ ಕೇಳಿಕೊಂಡು ಬೆಳೆದವರು ನಾವು. ನಿಜವಾಗಿ ಬೈಕ್ ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಬ್ರೇಕೇ. ಒಂದೇ ಸಲ ಕಚ್ಚಿ ಹಿಡಿಯದೆ, ಭಾರ ಮುಂದಕ್ಕೆ ಬಂದ ಹಾಗೆ ಹಿಡಿತ ಹೆಚ್ಚಿಸಬೇಕು, ಅಷ್ಟೆ. 60ರ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಬ್ರೇಕ್ ಹಿಡಿಯೋಣ ಅಂದುಕೊಳ್ಳುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ.

ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗದಲ್ಲೇ ಹೋಗಿ ಅನ್ನುವ ಈ ಪುಸ್ತಕಗಳ ನಿಯಮ ಮಂಡ್ಯ ಜಿಲ್ಲೆಯವರಿಗೇ ಮಾಡಿದಂತಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗೆ ಹಿಂದೆ ದೀಪ ಇರುವುದಿಲ್ಲ, ಜಲ್ಲೆಗಳು ಹೊರಗೆ ಚಾಚಿರುತ್ತವೆ. ಸುಗ್ಗಿಯಲ್ಲಿ ತಿರುವು ಮುಗಿದ ತಕ್ಷಣ ರಸ್ತೆ ತುಂಬಾ ಹುರುಳಿ ಸೊಪ್ಪೋ ರಾಗಿ ತೆನೆಯೋ ಹರಡಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಬೇಕು. ಜಲ್ಲಿ, ಮರಳಿಗೆ ಪುಸ್ತಕ ಹೇಳಿದ ಪಾಠ ಇಲ್ಲೂ ನಡೆಯುತ್ತದೆ.

ವಿಡಿಯೊ ಚೆನ್ನಾಗಿ ಕಲಿಸುವುದು ನಿಧಾನದ ಓಟ. ಅರ್ಧ ಕ್ಲಚ್, ಹಿಂದಿನ ಬ್ರೇಕ್ ಹಗುರವಾಗಿ, ಕತ್ತು ಪೂರ್ತಿ ತಿರುಗಿಸಿ ಹೋಗಬೇಕಾದ ಕಡೆಗೇ ನೋಟ. ಯೂ ಟರ್ನ್ ಇಷ್ಟೇ. ಓದಿದರೆ ತಿಳಿಯುವುದಿಲ್ಲ, ಸವಾರನ ಗಲ್ಲ ಭುಜಕ್ಕೆ ತಾಗುವಷ್ಟು ತಿರುಗಿದ್ದು ಕಂಡಾಗಲೇ ತಿಳಿಯುವುದು. ಮೈದಾನದಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಮಾಡಿ. ಚಪ್ಪಲಿ ಹಾಕಿಕೊಂಡು ಬೇಡ. ಮಿಕ್ಕಂತೆ ಕನ್ನಡದಲ್ಲಿ ನಾನು ನೋಡಿದ ಬೈಕ್ ವಿಡಿಯೊಗಳಲ್ಲಿ ಮೈಲೇಜು, ಸೈಲೆನ್ಸರ್ ಸದ್ದೇ ಜಾಸ್ತಿ.

ಯಾವುದರಲ್ಲೂ ಸಿಗದ ಪಾಠಗಳೂ ಇವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ. ನಮಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ರಾಂಗ್ ಸೈಡಲ್ಲಿ ಎದುರಿಗೆ ಬರುವವರ ಬಗ್ಗೆ ಯಾವ ಪುಸ್ತಕವೂ ಮಾತಾಡುವುದಿಲ್ಲ. ಹಿಂದೆ ಕೂರುವವರ ಬಗ್ಗೆ ಓದಿದರೆ, ಅವರು ಎರಡೂ ಕಡೆ ಕಾಲು ಹಾಕಿ, ಸವಾರನ ಜೊತೆಗೇ ವಾಲಬೇಕಂತೆ. ನಮ್ಮಮ್ಮ ಸೀರೆಯುಟ್ಟು ಎರಡೂ ಕಾಲು ಎಡಕ್ಕೆ ಬಿಟ್ಟು, ತೊಡೆ ಮೇಲೆ ತರಕಾರಿ ಬ್ಯಾಗ್ ಇಟ್ಟುಕೊಂಡು ಕೂರುತ್ತಾರೆ. ತಿರುವು ಬಂದರೆ ವಾಲುವ ಬದಲು “ನಿಧಾನ ಕಣಪ್ಪಾ” ಅಂತ ಹೆಗಲು ಹಿಡಿಯುತ್ತಾರೆ.